ಐದು ಮಂದಿಯ ಮನೆಗೆ ಏಳು ಛಟಾಕು ಬೇಳೆ

ಗಣಿತದ ಮಾಸ್ತರನ ಮನೆಯಲ್ಲಿ ಎಲ್ಲವೂ ಲೆಕ್ಕಪ್ರಕಾರ ನಡೆಯುತ್ತದೆ ಎಂದು ಜನ ನಂಬಿಕೊಂಡಿರುತ್ತಾರೆ. ಡಾಕ್ಟರ ಮನೆಯಲ್ಲಿ ಯಾರಿಗೂ ನೆಗಡಿಯಾಗುವುದಿಲ್ಲ ಎಂದು ನಂಬುವಂಥದೇ ಮುಗ್ಧತೆ ಇದು. ನಾನು ಆಳಂದದ ಒಂದು ಪಿಯು ಕಾಲೇಜಿನಲ್ಲಿ ತಲೆ ನೆರೆಯುವಷ್ಟು ಕಾಲದಿಂದ ಗಣಿತ ಕಲಿಸುತ್ತ ಬಂದವನು. ಆದರೆ ಸಂತೆಯಲ್ಲಿ ಕಾಲು ಕಿಲೋ ಮೆಣಸಿನಕಾಯಿ, ಮುಕ್ಕಾಲು ಕಿಲೋ ಬದನೆಕಾಯಿ ಕಟ್ಟಿಸಿಕೊಂಡು ಒಟ್ಟು ಎಷ್ಟಾಯಿತು ಎಂದು ಮಾರುವವಳು ನನ್ನನ್ನೇ ಕೇಳಿದರೆ ನಾನು ಆಕಾಶ ನೋಡುತ್ತೇನೆ. ಅಷ್ಟರಲ್ಲಿ ನನ್ನ ಹೆಂಡತಿ ನೀಲಮ್ಮ ಲೆಕ್ಕ ಚುಕ್ತಾ ಮಾಡಿ, ಒಂದು ಹಿಡಿ ಕೊತ್ತಂಬರಿಯನ್ನೂ ಪುಕ್ಕಟೆ ಎತ್ತಿಕೊಂಡು ಮುಂದಿನ ಅಂಗಡಿಯಲ್ಲಿರುತ್ತಾಳೆ. ನನ್ನ ಗಣಿತ ಬೇರೆ ತಳಿಯದು. ಅದಕ್ಕೆ ಬದನೆಕಾಯಿ ಕಣ್ಣಿಗೆ ಬೀಳುವುದಿಲ್ಲ. ಇಂಥ ಗಣಿತವನ್ನು ಚಪ್ಪಲಿಯ ಜೊತೆಗೆ ಹೊಸ್ತಿಲ ಹೊರಗೇ ಬಿಟ್ಟು ಒಳಗೆ ಬರಬೇಕು ಎನ್ನುವುದು ಈ ವರ್ಷ ತೊಗರಿ ರಾಶಿಯಾದ ಮೇಲೆ ನಾನು ಕಲಿತ ಪಾಠ. ಕಲಿಸಿದ್ದು ಏಳು ಛಟಾಕು ಬೇಳೆ.

ವಿಷಯ ಶುರುವಾಗುವುದು ನೀಲಮ್ಮನ ಚಿಗವ್ವನಿಂದ, ಅಂದರೆ ಚಿಕ್ಕಮ್ಮನಿಂದ. ಹೆಸರು ಗುರಮ್ಮ. ಅಫಜಲಪುರ ತಾಲೂಕಿನ ಗೊಬ್ಬೂರಿನವಳು. ತಾಯಿಯಿಲ್ಲದ ನೀಲಮ್ಮನನ್ನು ಸಾಕಿ ಬೆಳೆಸಿ, ನನ್ನಂಥವನ ಕೈಗೆ ಕೊಟ್ಟು, ಕೊಟ್ಟದ್ದು ಸರಿಯಾಯಿತೋ ಇಲ್ಲವೋ ಎಂದು ಇವತ್ತಿಗೂ ಯೋಚಿಸುತ್ತಿರುವ ಹೆಂಗಸು. ಈ ಸಲ ಚಳಿಗಾಲದಲ್ಲಿ ಆಕೆಯ ಕಣ್ಣಿನ ಪೊರೆ ತೆಗೆಸಿದೆವು. ಕಣ್ಣು ಮಾಯುವ ತನಕ ನಮ್ಮಲ್ಲೇ ಇರಲಿ ಎಂದು ಆಳಂದಕ್ಕೆ ಕರೆತಂದರೆ, ಬರುವಾಗ ಬಟ್ಟೆಯ ಗಂಟಿನ ಜೊತೆಗೆ ಹೊಸ ತೊಗರಿ ಬೇಳೆಯ ಎರಡು ಚೀಲವನ್ನೂ, ಹಿತ್ತಾಳೆಯ ಅಳತೆಗಳನ್ನೂ ತಂದಳು. ಪ್ರತಿ ವರ್ಷ ಹೊಸ ಬೇಳೆ ಒಡೆಸಿದ ಮೇಲೆ ಬಳಗದ ಮನೆಮನೆಗೂ ಆಕೆಯ ಕೈಯಿಂದಲೇ ಬೇಳೆ ಹೋಗಬೇಕು. ಕಪ್ಪು ಕನ್ನಡಕ ಬಂತೆಂದು ಆ ಪದ್ಧತಿ ತಪ್ಪುವ ಹಾಗಿಲ್ಲ. ಕನ್ನಡಕ ಹಾಕಿಕೊಂಡು ನಮ್ಮ ಪಡಸಾಲೆಯಲ್ಲಿ ಗೋಡೆಗೊರಗಿ ಕೂತರೆ ಆಕೆ ಯಾವುದೋ ಗುಪ್ತಚರ ಇಲಾಖೆಯ ದೊಡ್ಡ ಅಧಿಕಾರಿಯ ಹಾಗೆ ಕಾಣುತ್ತಿದ್ದಳು. ಯಾರ ಕಡೆ ನೋಡುತ್ತಿದ್ದಾಳೆಂದು ತಿಳಿಯದ್ದರಿಂದ ಮನೆಯಲ್ಲಿ ಎಲ್ಲರೂ ಸರಿಯಾಗಿ ನಡೆದುಕೊಳ್ಳುತ್ತಿದ್ದೆವು. ಎಲ್ಲರೂ ಎಂದರೆ ನಾನೊಬ್ಬನೇ.

ಆ ಹಿತ್ತಾಳೆ ಅಳತೆಗಳ ಬಗ್ಗೆ ಎರಡು ಮಾತು ಹೇಳಬೇಕು, ಕಿಲೋ ಗ್ರಾಂ ಬಂದ ಮೇಲೆ ಹುಟ್ಟಿದವರಿಗೆ ಅವುಗಳ ಪರಿಚಯವಿರಲಿಕ್ಕಿಲ್ಲ. ಒಟ್ಟು ಐದು. ಒಂದರ ಹೊಟ್ಟೆಯಲ್ಲಿ ಒಂದು ಕೂರುತ್ತವೆ. ಎಲ್ಲಕ್ಕಿಂತ ಚಿಕ್ಕದು ಛಟಾಕು, ಬಸ್ ಸ್ಟ್ಯಾಂಡಿನ ಚಹಾ ಕಪ್ಪಿನಷ್ಟು. ಎರಡು ಛಟಾಕು ಸೇರಿದರೆ ಅದಪಾವು. ಎರಡು ಅದಪಾವಿಗೆ ಪಾವು. ಎರಡು ಪಾವಿಗೆ ಅರ್ಧ ಸೇರು. ಎರಡು ಅರ್ಧ ಸೇರಿಗೆ ಸೇರು. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅಂಚುಗಳು ತೆಳ್ಳಗಾಗಿವೆ. ಚಿಗವ್ವನ ಅತ್ತೆ ಅವನ್ನು ಚಿಗವ್ವನಿಗೆ ಕೊಟ್ಟದ್ದಂತೆ, ಚಿಗವ್ವ ನೀಲಮ್ಮನಿಗೆ ಕೊಡಬೇಕೆಂದಿದ್ದಾಳಂತೆ. ಈ ಅಂತೆಯ ಕಾರಣದಿಂದ ನೀಲಮ್ಮ ಆ ದಿನ ಬೇಳೆ ಅಳೆಯಲು ಕೂತಾಗ ಪರೀಕ್ಷೆಗೆ ಕೂತವಳ ಹಾಗೆ ಸೆರಗು ಬಿಗಿದುಕೊಂಡಿದ್ದಳು.

ಪದ್ಧತಿ ಇಷ್ಟು. ಯಾವ ಮನೆಗೆ ಕಳಿಸುವುದಿದ್ದರೂ ಆ ಮನೆಯಲ್ಲಿ ಎಷ್ಟು ಮಂದಿಯೋ ತಲೆಗೊಂದು ಛಟಾಕಿನ ಲೆಕ್ಕ. ಆದರೆ ಛಟಾಕಿನಲ್ಲೇ ಮತ್ತೆ ಮತ್ತೆ ಮೊಗೆದು ಹಾಕುವಂತಿಲ್ಲ. ಬೇರೆ ಬೇರೆ ಅಳತೆ ಸೇರಿಸಬಹುದು, ಆದರೆ ಒಂದು ಮನೆಗೆ ಒಂದೊಂದು ಅಳತೆಯೂ ಒಂದೇ ಸಲ ಬೇಳೆಯಲ್ಲಿ ಮುಳುಗಬೇಕು. ಯಾಕೆ ಎಂದು ನಾನು ಕೇಳಿದ್ದಕ್ಕೆ ಚಿಗವ್ವ, "ಅದನ್ನೇ ಮತ್ತ ಮತ್ತ ಮುಳುಗಸಿದ್ರ ಅದು ದುಕಾನ ಆಗ್ತದ್ರಿ, ಬಳಗ ಆಗಂಗಿಲ್ಲ," ಎಂದಳು. ಇನ್ನೊಂದು ನಿಯಮವೆಂದರೆ, ಚೀಲಕ್ಕೆ ಬೇಳೆ ಸುರಿಯುವುದು ಬೆಸವಾಗಿರಬೇಕು. ಒಂದು ಸಲ ಸುರಿದರೆ ಸರಿ, ಮೂರು ಸಲವೂ ಸರಿ. ಎರಡು ಸಲ, ನಾಲ್ಕು ಸಲ ಆಗದು. ಅದಕ್ಕೂ ಆಕೆಯಲ್ಲಿ ಕಾರಣವಿತ್ತು. "ಜೋಡಿ ಆತಂದ್ರ ಹಿಸಾಬ್ ಮುಗೀತು ನೋಡ್ರಿ. ಒಂಟಿ ಒಂದು ಉಳೀಬೇಕು. ಉಳದದ್ದು ಸುಮ್ಕ ಕೂಡಂಗಿಲ್ಲ, ತನ್ನ ಜೋಡಿ ಹುಡುಕ್ಕೋತ ಮುಂದಿನ ವರ್ಷ ಮತ್ತ ಬರ್ತದ." ಎಣಿಕೆ ಜೋಡಿಯಾಗಿ ಬಂದರೆ ಏನು ಮಾಡುತ್ತಾರೆ? ತಲೆಯೆಣಿಕೆಗಿಂತ ತುಸು ಹೆಚ್ಚು ಹಾಕಿ ಬೆಸ ಮಾಡುತ್ತಾರೆ. ಆ ಹೆಚ್ಚಿನದಕ್ಕೆ 'ಬರೋರ ಪಾಲು' ಎಂದು ಹೆಸರು. ಬರುವವರು ಅತಿಥಿಯಾಗಿರಬಹುದು, ಭಿಕ್ಷಕ್ಕೆ ಬರುವ ಜಂಗಮರಾಗಿರಬಹುದು, ಮನೆಯಲ್ಲಿ ಹೊಸ ಸೊಸೆಯಿದ್ದರೆ ಹುಟ್ಟಬೇಕಾದ ಕೂಸೂ ಆಗಿರಬಹುದು. ಅವರವರ ಮನೆಯ ಆಸೆಯಂತೆ ಅರ್ಥ.

ಇಷ್ಟು ಕೇಳಿದ್ದೇ ತಡ, ಒಂದು ಮೂಲೆಯಲ್ಲಿ ಕಿರುಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದ ನನಗೆ ಮೈಯೆಲ್ಲ ಜುಮ್ಮೆಂದಿತು. ಇದು ಸಾಕ್ಷಾತ್ ದ್ವಿಮಾನ ಪದ್ಧತಿ! ಬರೀ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಜಗತ್ತಿನ ಸಂಖ್ಯೆಗಳನ್ನೆಲ್ಲ ಬರೆಯುವ, ಕಂಪ್ಯೂಟರುಗಳೂ ಮೊಬೈಲುಗಳೂ ಉಸಿರಾಡುವ ಪದ್ಧತಿ. ಅದನ್ನು ಕಾಲೇಜಿನಲ್ಲಿ ಕಲಿಸುವಾಗ, ಕರೆಂಟು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಎಂದು ಹೇಳಬೇಕಾಗುತ್ತದೆ. ನಮ್ಮ ಕಡೆಯ ಹುಡುಗರಿಗೆ ಸೊನ್ನೆಯ ಅನುಭವ ಧಾರಾಳವಾಗಿರುವುದರಿಂದ ಅರ್ಧ ಪಾಠ ತಾನಾಗಿಯೇ ಆಗುತ್ತದೆ. ಇಲ್ಲಿ ನೋಡಿದರೆ ಅದೇ ಪಾಠ ಹಿತ್ತಾಳೆಯಲ್ಲಿ ಹೊಳೆಯುತ್ತ ನಮ್ಮ ಪಡಸಾಲೆಯಲ್ಲಿ ಕೂತಿದೆ. ಪ್ರತಿ ಅಳತೆಯೂ ಹಿಂದಿನದರ ಎರಡರಷ್ಟು. ಅದು ಬೇಳೆಯಲ್ಲಿ ಮುಳುಗಿದರೆ ಒಂದು, ಮುಳುಗದಿದ್ದರೆ ಸೊನ್ನೆ. ನಾನು ಕೆಂಪು ಪೆನ್ನು ಬಿಸಾಕಿ ಎದ್ದು ಬಂದು ಬೇಳೆ ಚೀಲದ ಪಕ್ಕದಲ್ಲಿ ಕೂತೆ. ಅವತ್ತು ಆ ಪೇಪರುಗಳನ್ನು ತಿದ್ದುತ್ತಲೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಕೂತವನು ಸುಮ್ಮನಿರಲಿಲ್ಲ. "ಚಿಗವ್ವ, ನಿಮ್ಮ ನಿಯಮದೊಳಗ ಒಂದು ಭಾರಿ ಸಂಗತಿ ಅದ," ಎಂದು ಪಾಠ ಶುರು ಮಾಡಿದೆ. ಒಂದೊಂದು ಅಳತೆ ಒಂದೇ ಸಲ ಎಂದಾದ ಮೇಲೆ ಯಾವ ಸಂಖ್ಯೆಯನ್ನಾದರೂ ಅಳೆಯುವ ದಾರಿ ಒಂದೇ ಒಂದು, ಎರಡನೆಯದಿಲ್ಲ. ಮೂರಕ್ಕೆ ಅದಪಾವು ಮತ್ತು ಛಟಾಕು, ಅಂದರೆ ಎರಡು ಸುರಿತ. ಅದನ್ನು ತಿರುಗಿಸಿ ಮುರುಗಿಸಿ ಬೆಸ ಮಾಡಲು ಯಾರಿಂದಲೂ ಸಾಧ್ಯವಿಲ್ಲ. ಜೋಡಿಯೋ ಒಂಟಿಯೋ ಎನ್ನುವುದು ಆ ಸಂಖ್ಯೆಯ ಹುಟ್ಟುಗುಣ. ಅದನ್ನು ದುಪ್ಪಟ್ಟು ಮಾಡಿ, ಆ ಗುಣ ಬದಲಾಗುವುದಿಲ್ಲ. ಮೂರು ಎಂಬುದು ಜೋಡಿಯೆಂದ ಮೇಲೆ ಆರೂ ಜೋಡಿಯೇ, ಹನ್ನೆರಡೂ ಜೋಡಿಯೇ. ಪ್ರತಿ ಅಳತೆಯ ಬದಲು ಅದಕ್ಕಿಂತ ಒಂದು ಮೆಟ್ಟಿಲು ದೊಡ್ಡದನ್ನು ಹಿಡಿದರಾಯಿತು, ಎಣಿಕೆ ಅಷ್ಟೇ ಉಳಿಯುತ್ತದೆ. "ಅಂದ್ರ ಸಂಸಾರ ಎರಡು ಪಟ್ಟು ಆದ್ರೂ ಸ್ವಭಾವ ಬದಲಾಗಂಗಿಲ್ಲ!" ಎಂದು ನಾನು ವಿಜಯದ ನಗೆ ನಕ್ಕೆ. ನೀಲಮ್ಮ ತಲೆಯೆತ್ತದೆ, "ಅದನ್ನ ಹೇಳಾಕ ಗಣಿತ ಯಾಕ ಬೇಕ್ರಿ? ಲಗ್ನ ಆಗಿ ನಿಮ್ಮನ್ನ ನೋಡಾಕತ್ತೇನಲ್ಲ," ಎಂದಳು.

ದೊಡ್ಡ ಗಣಿತಜ್ಞರು ಈ ಸಂಖ್ಯೆಗಳಿಗೆ ಹೆಸರನ್ನೂ ಇಟ್ಟಿದ್ದಾರೆ. ದ್ವಿಮಾನದಲ್ಲಿ ಬರೆದಾಗ ಒಂದುಗಳು ಜೋಡಿಯಾಗಿ ಬಂದರೆ ಅದು 'ದುಷ್ಟ' ಸಂಖ್ಯೆ, ಬೆಸವಾಗಿ ಬಂದರೆ 'ಅಸಹ್ಯ' ಸಂಖ್ಯೆ. ಹೆಸರಿಟ್ಟವರ ಮನೆಯಲ್ಲಿ ಅವತ್ತು ಏನು ನಡೆದಿತ್ತೋ ಗೊತ್ತಿಲ್ಲ. ಇದನ್ನು ಹೇಳಿದಾಗ ಚಿಗವ್ವ ಬೇಜಾರು ಮಾಡಿಕೊಂಡಳು. "ಅಯ್ಯ, ಅಂಕಿ ಏನು ಮಾಡ್ಯಾವರೀ ಪಾಪ, ಬೈಯಾಕ? ಒಂದು ಮುಗದದ್ದು, ಒಂದು ಉಳದದ್ದು. ಅಷ್ಟ," ಎಂದಳು. ನನಗೆ ಆಕೆಯ ಹೆಸರುಗಳೇ ಚೆನ್ನಾಗಿವೆ ಎನ್ನಿಸಿತು. ಆದರೂ ದೊಡ್ಡವರು ಇಟ್ಟ ಹೆಸರುಗಳನ್ನೇ ಇನ್ನೆರಡು ಸಲ ಹೇಳಿದೆ. ಮಾಸ್ತರಿಕೆಯ ಚಟ.

ಒಂದೊಂದೇ ಮನೆಯ ಗಂಟು ಕಟ್ಟುತ್ತ ಕಟ್ಟುತ್ತ ಯಡ್ರಾಮಿಯ ಸರದಿ ಬಂತು. ಯಡ್ರಾಮಿ ನಮ್ಮ ಮಗಳು ಸುಮಾಳನ್ನು ಕೊಟ್ಟ ಊರು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬೀಗರದು ಬಜಾರದಲ್ಲಿ ಕಿರಾಣಿ ಅಂಗಡಿ. ಮನೆಯಲ್ಲಿ ಬೀಗರು, ಬೀಗಿತಿ ಕಲ್ಲಮ್ಮ, ಅಳಿಯ, ಅವನ ತಮ್ಮ, ನಮ್ಮ ಸುಮಾ, ಹೀಗೆ ಐದು ಮಂದಿ. ಚಿಗವ್ವನ ಬೇಳೆ ಆ ಮನೆಗೆ ಹೋಗುತ್ತಿರುವುದು ಇದೇ ಮೊದಲು. ನೀಲಮ್ಮ ಪಾವು ತುಂಬಿ ಸುರಿದಳು, ಛಟಾಕು ತುಂಬಿ ಸುರಿದಳು. ನಾಲ್ಕು ಮತ್ತು ಒಂದು, ಐದು. "ಜೋಡಿ ಆತು," ಎಂದಳು ಚಿಗವ್ವ. "ತೆಗದು ಮತ್ತ ಹಾಕು. ಬರೋರ ಪಾಲು ಒಂದು ಹಿಡಿ, ಆರು ಮಾಡು." ನಾನು ಕೈ ಅಡ್ಡ ಹಿಡಿದೆ. ಆರು ಎಂದರೆ ಪಾವು ಮತ್ತು ಅದಪಾವು, ಅದೂ ಜೋಡಿಯೇ! ಚಿಗವ್ವ ದೊಡ್ಡ ಅಳತೆಯನ್ನು ಮುಂದೆ ಸರಿಸಿ, "ಹಂಗಾದ್ರ ಅರ್ಧ ಸೇರು ಹಾಕಿಬಿಡು ಯವ್ವಾ. ಒಂದೇ ಅಳತಿ, ಒಂದೇ ಸಲ," ಎಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅರ್ಧ ಸೇರು ಎಂದರೆ ಎಂಟು ಛಟಾಕು. ಐದರ ನಂತರ ಸಿಗುವ ಮೊದಲ ಬೆಸ ಏಳು. ಪಾವು, ಅದಪಾವು, ಛಟಾಕು, ಮೂರು ಸುರಿತ. ಏಳರಲ್ಲಿ ಆಗುವ ಕೆಲಸಕ್ಕೆ ಎಂಟು ಹಾಕುವುದೆಂದರೆ ಗಣಿತಕ್ಕೆ ಮಾಡುವ ಅವಮಾನ. ಉತ್ತರ ಯಾವಾಗಲೂ ಕನಿಷ್ಠವಾಗಿರಬೇಕು ಎಂದು ಹುಡುಗರಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. "ಏಳೇ ಬರೋಬ್ಬರಿ," ಎಂದೆ. ಚಿಗವ್ವ ಅನುಮಾನಿಸಿದಳು. "ಏಳಂದ್ರ ಎಣಸಿ ಹಾಕಿದಂಗ ಕಾಣಸ್ತದ್ರಿ. ಹೊಸ ಬೀಗರು, ಏನಂತಾರೋ ಏನೋ." ನಾನು ಬಿಡಲಿಲ್ಲ. ಗಣಿತದಲ್ಲಿ ಬೀಗರು ಹೊಸಬರೋ ಹಳಬರೋ ಎಂಬ ಭೇದವಿಲ್ಲ ಎಂದೆ. ಮರುದಿನ ಅಳಿಯ ಯಾವುದೋ ಕೆಲಸಕ್ಕೆ ಆಳಂದಕ್ಕೆ ಬಂದಿದ್ದ. ಅವನ ಕೈಗೇ ಗಂಟು ಕೊಟ್ಟು ಕಳಿಸಿದೆವು. ಗಂಟಿನಲ್ಲಿ ಏಳು ಛಟಾಕು ಬೇಳೆ, ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ.

ವಾರದೊಳಗೆ ಸುಮಾಳ ಫೋನು ಬಂತು. ಅವಳು ಸಾಮಾನ್ಯವಾಗಿ ತಾಯಿಗೆ ಫೋನು ಮಾಡುವವಳು. ನನಗೇ ಮಾಡಿದಳೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. "ಅಪ್ಪಾ, ಆ ಬ್ಯಾಳಿ ಲೆಕ್ಕ ಮಾಡಿದವ್ರು ಯಾರು?" ಎಂದು ಕೇಳಿದಳು. ದನಿ ಅಳುವ ಹಾಗೂ ಇತ್ತು, ನಗುವ ಹಾಗೂ ಇತ್ತು. ಆಗಿದ್ದು ಇಷ್ಟು. ಬೇಳೆ ಬರುವ ಮೊದಲೇ ಸುಮಾ ತವರಿನ ಹೆಮ್ಮೆಗೆ ಅತ್ತೆಯ ಮುಂದೆ ಆ ಪದ್ಧತಿಯನ್ನೆಲ್ಲ ವರ್ಣಿಸಿದ್ದಾಳೆ. ತಲೆಗೊಂದು ಛಟಾಕು, ಹೆಚ್ಚಿಗೆ ಬಂದರೆ ಬರೋರ ಪಾಲು. ಸುರಿತದ ಜೋಡಿ, ಒಂಟಿ ಮಾತ್ರ ಹೇಳುವುದು ಮರೆತಿದ್ದಾಳೆ. ಬೀಗಿತಿಯ ಅಂಗಡಿಯಲ್ಲಿ ಹಿಂದೆ ಎಣ್ಣೆ ಅಳೆಯುತ್ತಿದ್ದ ಒಂದು ಹಳೆಯ ಛಟಾಕು ಇತ್ತು. ಆಕೆ ಕುತೂಹಲಕ್ಕೆ ಅದನ್ನು ತೊಳೆದು ಒರೆಸಿ ಬೇಳೆ ಅಳೆದು ನೋಡಿದ್ದಾಳೆ. ಐದು ಮಂದಿಗೆ ಏಳು! ಅಂದರೆ ಬರುವವರು ಇಬ್ಬರು! ಸೊಸೆಗೆ ಅವಳಿ!

"ನಾನು ಏನೂ ಇಲ್ಲ ಅಂತ ಆಣಿ ಮಾಡಿ ಹೇಳೇನಿ ಅಪ್ಪಾ. ನಂಬವಲ್ರು. 'ತೌರಿಗೆ ಹೇಳೀದಿ, ನನಗ ಮುಚ್ಚಿಟ್ಟಿ. ತೌರಿನ ಬ್ಯಾಳಿ ಸುಳ್ಳು ಹೇಳತದೇನು?' ಅಂತಾರ. ಬೈಯಂಗಿಲ್ಲ, ಬಡಿಯಂಗಿಲ್ಲ. ಕೊಡ ಎತ್ತಾಕ ಬಿಡವಲ್ರು, ದಿನಾ ಕೇಸರಿ ಹಾಕಿ ಹಾಲು ಕೊಡ್ತಾರ. ಆದ್ರ ಮಾತಾಡಂಗಿಲ್ಲ." ಅವಳ ದನಿ ಸಣ್ಣದಾಯಿತು. "ಮೊದಲ ನಂಗ ಭಾಳ ಛಂದ ನೋಡ್ಕೋತಿದ್ರು. ಈಗ ನಾ ಸುಳ್ಳಿ ಆಗೇನಿ."

ನನ್ನ ಕಿವಿಯಲ್ಲಿ ಆ ಒಂದು ಪದವೇ ಉಳಿಯಿತು. ನನ್ನ ಮಗಳು ಚಿಕ್ಕಂದಿನಲ್ಲಿ ಬೆಲ್ಲ ಕದ್ದು ತಿಂದರೆ ಬಾಯಿ ಒರೆಸಿಕೊಳ್ಳದೆ ಎದುರಿಗೆ ಬಂದು ನಿಲ್ಲುತ್ತಿದ್ದವಳು. ಅಂಥವಳು ಹೊಸ ಮನೆಯಲ್ಲಿ ಸುಳ್ಳಿ ಅನ್ನಿಸಿಕೊಂಡಳು. ಅದಕ್ಕೆ ಕಾರಣ ನನ್ನ ಕನಿಷ್ಠ ಉತ್ತರ. ವಿಷಯ ತಿಳಿದು ನೀಲಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಚಿಗವ್ವನ ಕಪ್ಪು ಕನ್ನಡಕ ಮಾತ್ರ ಬಹಳ ಹೊತ್ತು ನನ್ನ ಕಡೆಗೇ ಇತ್ತು. ಕೊನೆಗೆ ಆಕೆ, "ನಡೀರಿ, ಹೋಗಿ ಬರೋಣು. ಅಳತಿ ಚೀಲದಾಗ ಹಾಕು ನೀಲಾ," ಎಂದಳು.

ಆಳಂದದಿಂದ ಕಲಬುರಗಿ, ಅಲ್ಲಿಂದ ಜೇವರ್ಗಿ, ಅಲ್ಲಿಂದ ಯಡ್ರಾಮಿ. ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆಯಾದ್ದರಿಂದ ಕಂಡಕ್ಟರ್ ಅವರಿಬ್ಬರ ಆಧಾರ್ ಕಾರ್ಡು ನೋಡಿ ಎರಡು ಸೊನ್ನೆ ಟಿಕೆಟ್ ಹರಿದ, ನನಗೊಂದು ಪೂರಾ ಟಿಕೆಟ್ ಕೊಟ್ಟ. ಸೊನ್ನೆ, ಸೊನ್ನೆ, ಒಂದು. ಬೇರೆ ದಿನವಾಗಿದ್ದರೆ ಅದರ ಮೇಲೂ ಒಂದು ಪಾಠ ಮಾಡುತ್ತಿದ್ದೆ. ಅವತ್ತು ಬಾಯಿ ಬಿಗಿಹಿಡಿದು ಕೂತೆ. ಹೊರಗೆ ತೊಗರಿ ಕೊಯ್ದ ಹೊಲಗಳಲ್ಲಿ ಬರೀ ಕೂಳೆ ನಿಂತಿತ್ತು. ನನ್ನ ತೊಡೆಯ ಮೇಲಿನ ಚೀಲದಲ್ಲಿ ಬಸ್ಸು ಕುಲುಕಿದಾಗಲೆಲ್ಲ ಹಿತ್ತಾಳೆ ಖಣಖಣ ಎನ್ನುತ್ತಿತ್ತು.

ಬೀಗರ ಮನೆಯ ಅಂಗಳದಲ್ಲಿ ಕಾಲಿಟ್ಟರೆ ಮೊದಲು ಕಂಡದ್ದು ತೊಟ್ಟಿಲು. ಅಟ್ಟದಿಂದ ಇಳಿಸಿ, ತೊಳೆದು, ಬಿಸಿಲಿಗೆ ಇಟ್ಟಿದ್ದರು. ಅಳಿಯನನ್ನು ತೂಗಿದ ತೊಟ್ಟಿಲಂತೆ. ಸರಪಳಿಗೆ ಎಣ್ಣೆ ಕೂಡ ಹಚ್ಚಿದ್ದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಸುಮಾ ಬಾಗಿಲಲ್ಲಿ ನಿಂತು ತೊಟ್ಟಿಲು ನೋಡಿದಳು, ನನ್ನನ್ನು ನೋಡಿದಳು, ನೀರು ತರಲು ಒಳಗೆ ಹೋದಳು. ಕಲ್ಲಮ್ಮ ಬಂದು, "ಬರ್ರಿ, ಕೂಡ್ರಿ," ಎಂದು ಚಾಪೆ ಹಾಸಿದಳು. ಗಟ್ಟಿಮುಟ್ಟಾದ ಹೆಂಗಸು, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂತು ಯಾರ ಮುಖದಲ್ಲಿ ಏನಿದೆ ಎಂದು ಓದಲು ಕಲಿತವಳು. "ಖುಶಿ ಸುದ್ದಿ ಹೇಳಾಕ ಬಂದೀರಿ ಹೌದಲ್ರಿ? ತಡಾ ಆದ್ರೂ ಹೇಳ್ರಿ," ಎಂದಳು. ಆಕೆಯ ನೋವೆಲ್ಲ ಆ ಮಾತಿನಲ್ಲೇ ಇತ್ತು.

ನಾನು ಅಳತೆಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟೆ. ಎಷ್ಟೋ ಬ್ಯಾಚುಗಳಿಗೆ ಪಾಠ ಮಾಡಿದ್ದೇನೆ, ಆದರೆ ಇಷ್ಟು ಬೆವರಿ ಯಾವತ್ತೂ ಮಾಡಿಲ್ಲ. "ಬೀಗಿತೇರ, ಇದು ಕೂಸಿನ ಲೆಕ್ಕ ಅಲ್ರಿ, ಅಳತಿ ಲೆಕ್ಕ," ಎಂದು ಶುರು ಮಾಡಿದೆ. ಜೋಡಿಯಾಗಬಾರದು ಎಂಬ ನಿಯಮ ಹೇಳಿದೆ. ಅದೇ ಬೇಳೆಯನ್ನು ತರಿಸಿ ಐದು ಅಳೆದು ತೋರಿಸಿದೆ. ಎರಡು ಸುರಿತ. ಕಲ್ಲಮ್ಮ ತಾನೇ ಛಟಾಕು ಕೈಗೆ ತೆಗೆದುಕೊಂಡು, "ಆರು ಮಾಡ್ರಿ," ಎಂದಳು. ಆರೂ ಎರಡೇ ಸುರಿತವಾಯಿತು. "ನಾಕು?" ಎಂದಳು. ಪಾವು ಒಂದೇ ಸಲ, ಸರಿ, ಆದರೆ ಮನೆಯ ಒಬ್ಬರನ್ನು ಬಿಟ್ಟ ಹಾಗಾಗುತ್ತದೆ ಎಂದೆ. ಅಷ್ಟರಲ್ಲಿ ಬೀಗರೂ ಅಂಗಡಿಯಿಂದ ಬಂದು ನಿಂತು ನೋಡತೊಡಗಿದ್ದರು. ಕಲ್ಲಮ್ಮ ಅಳತೆಗಳನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದಳು.

"ಅಂದ್ರ ಏಳೇ ಹಾಕಬೇಕಾತು."

"ಹೌದ್ರಿ. ಅದಕ್ಕ ಏಳು."

"ನನ್ನ ಸೊಸಿ ಸುಳ್ಳು ಹೇಳಿಲ್ಲ."

"ಇಲ್ರಿ. ಖರೇನ ಹೇಳ್ಯಾಳ. ತಪ್ಪು ನಂದು."

ಕಲ್ಲಮ್ಮ ಒಳಗಿನ ಬಾಗಿಲ ಕಡೆಗೆ ತಿರುಗಿ, "ಸುಮಾ, ಬಾ ಇಲ್ಲಿ," ಎಂದು ಕರೆದಳು. ಅವಳು ಬಂದಾಗ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಸುಮಾಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡೇ ಅರ್ಧ ಸೇರನ್ನು ಬೆರಳಿಂದ ತಟ್ಟಿದಳು. "ಮತ್ತ ಇದನ್ನ ಯಾಕ ಹಾಕಲಿಲ್ರಿ? ಒಂದೇ ಸಲ ಆಗ್ತಿತ್ತು. ಅರ್ಧ ಸೇರು ಬಂತಂದ್ರ ಅರ್ಧ ಸೇರು. ಅದನ್ನ ಯಾರು ಛಟಾಕಿಲೆ ಅಳದು ನೋಡ್ತಾರ?" ಕಪ್ಪು ಕನ್ನಡಕ ನಿಧಾನವಾಗಿ ನನ್ನ ಕಡೆ ತಿರುಗಿತು. ನೀಲಮ್ಮ ಕೆಮ್ಮಿದಳು. ಕನಿಷ್ಠ ಉತ್ತರದ ಸಿದ್ಧಾಂತವನ್ನು ಆ ಸಭೆಯಲ್ಲಿ ಮಂಡಿಸುವ ಧೈರ್ಯ ನನಗಾಗಲಿಲ್ಲ.

ಸೊಸೆಯ ಮೇಲಿನ ಮುನಿಸು ಹೋಯಿತು, ಅದು ಕಣ್ಣಿಗೇ ಕಾಣುತ್ತಿತ್ತು. ಆದರೆ ಅದರ ಹಿಂದೆಯೇ ಕಲ್ಲಮ್ಮನ ಮುಖ ಅಂಗಳದ ತೊಟ್ಟಿಲ ಕಡೆಗೆ ಹೋಗಿ ಅಲ್ಲೇ ನಿಂತಿತು. "ಓಣಿ ತುಂಬ ಹೇಳಿಬಿಟ್ಟೇನ್ರಿ," ಎಂದಳು ಮೆತ್ತಗೆ. "ಎರಡು ಪಾಲು ಬಂದಾವ, ಕೂಸುಗಳ ತಲಿಗೆ ಎರಡು ಕುಲಾಯಿ ಹೊಲಸ್ಬೇಕು ಅಂತ." ನನ್ನ ಹತ್ತಿರ ಇದಕ್ಕೆ ಪ್ರಮೇಯವಿರಲಿಲ್ಲ. ಆಗ ಚಿಗವ್ವ ಗೋಡೆ ಬಿಟ್ಟು ಮುಂದೆ ಸರಿದು ಕೂತಳು.

"ಯವ್ವಾ ಕಲ್ಲಮ್ಮ, ಬ್ಯಾಳಿ ಸುಳ್ಳು ಹೇಳಂಗಿಲ್ಲ ಅಂದೆಲ್ಲ, ಖರೇ ಮಾತು. ಬರೋರ ಪಾಲು ಅಂತ ಕಳಿಸಿದ್ವಿ, ಈಗ ಬಂದೀವಲ್ಲ! ಹಸ್ತು ಬಂದೀವಿ. ಹಾಕು ಒಲಿ ಮ್ಯಾಗ. ಓಣಿಯವ್ರು ಕೇಳಿದ್ರ, ಬರೋರು ಬಂದ್ರು, ಗೊಬ್ಬೂರಿನ ಮುದುಕಿ ಬಂತು ಅಂತ ಹೇಳು. ಕೂಸು ತನ್ನ ಟೈಮಿಗೆ ಬರ್ತದ. ಅದಕ್ಕ ಬ್ಯಾರೆ ಅಳತಿ ಅದ, ನಾನೇ ತರ್ತೇನಿ."

ಕಲ್ಲಮ್ಮ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ನಕ್ಕು, ಬೆರಳಲ್ಲಿ ಎಣಿಸಿದಳು. ಮನೆಯವರು ಐದು, ಬಂದವರು ಮೂರು. "ಎಂಟು ಆದ್ವಿ ಆಯಿ! ಬ್ಯಾಳಿ ಏಳೇ ಛಟಾಕು ಅದ. ಒಬ್ಬರಿಗೆ ಸಾಲಂಗಿಲ್ಲ!" ಚಿಗವ್ವ ತಡಮಾಡಲಿಲ್ಲ. "ನಾ ಅರ್ಧ ಸೇರೇ ಹಾಕು ಅಂದಿದ್ದೆ. ಕೇಳಲಿಲ್ಲ ಒಬ್ಬರು. ಅವರಿಗೆ ಮಜ್ಗಿ ಹಾಕು." ಮನೆಯೆಲ್ಲ ನಕ್ಕಿತು. ಸುಮಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ಮನೆಯ ಪಡಸಾಲೆಯಲ್ಲಿ ನನ್ನ ಮಗಳು ಹಾಗೆ ನಗುವುದನ್ನು ಕೇಳಲು ನಾನು ಜನ್ಮವೆಲ್ಲ ಮಜ್ಜಿಗೆ ಕುಡಿಯಲು ಸಿದ್ಧನಿದ್ದೆ. ಊಟಕ್ಕೆ ಕೂತಾಗ ನಿಜವಾಗಿಯೂ ನನ್ನ ತಾಟಿನಲ್ಲಿ ಮೊದಲು ಮಜ್ಜಿಗೆಯನ್ನೇ ಬಡಿಸಿ, ನನ್ನ ಮುಖ ನೋಡಿ ಆಮೇಲೆ ಹೋಳಿಗೆ ಹಾಕಿದರು. ಹೊಸ ಬೇಳೆಯ ಹೂರಣ ಬೆಣ್ಣೆಯಂತಿತ್ತು. ತೊಟ್ಟಿಲನ್ನು ಅಳಿಯ ಮತ್ತೆ ಅಟ್ಟಕ್ಕೆ ಏರಿಸಿದ. ಕಲ್ಲಮ್ಮ, "ಜರಾ ಮುಂದಕ್ಕ ಇಡು, ಜಲ್ದಿ ಕೈಗೆ ಸಿಗಬೇಕು," ಎಂದು ಕೆಳಗಿನಿಂದ ಕೂಗಿದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಅಷ್ಟಿಷ್ಟು ಉಳಿಯುತ್ತಿತ್ತು. ಹೊರಡುವ ಹೊತ್ತಿಗೆ ಕಲ್ಲಮ್ಮ ನಮ್ಮ ಚೀಲ ಖಾಲಿ ಹೋಗಬಾರದೆಂದು ಒಳಗಿನಿಂದ ಶೇಂಗಾ ತಂದಳು. "ನಮ್ಮಲ್ಲಿ ನಿಮ್ಮಂಗ ಹಿಸಾಬ್ ಇಲ್ರಿ ಮಾಸ್ತರ. ಕೈಗೆ ಬಂದಷ್ಟು," ಎಂದು ಒಂದು ದೊಡ್ಡ ಬೋಗುಣಿಯಲ್ಲಿ ಮೊಗೆದು ಸುರಿದಳು. ಮತ್ತೊಂದು ಬೋಗುಣಿ ಸುರಿದಳು. ಚೀಲದ ಬಾಯಿ ತಿರುವಿ ಗಂಟು ಹಾಕಲು ಹೋದಳು.

ಎರಡು. ಜೋಡಿ.

ಇದರಲ್ಲಿ ಏನೂ ಇಲ್ಲ ಎಂದು ನನಗೆ ಗೊತ್ತು. ಶೇಂಗಾಕ್ಕೂ ಸಂಬಂಧಕ್ಕೂ ನಡುವೆ ಯಾವ ಸಮೀಕರಣವೂ ಇಲ್ಲ. ಇಂಥ ನಂಬಿಕೆಗಳ ಬಗ್ಗೆ ನಾನು ಕಾಲೇಜಿನಲ್ಲಿ ಗಂಟೆಗಟ್ಟಲೆ ತಮಾಷೆ ಮಾಡಿದವನು. ಆದರೆ ಕಲ್ಲಮ್ಮನ ಹಿಂದೆ ಬಾಗಿಲ ಚೌಕಟ್ಟು ಹಿಡಿದು ಸುಮಾ ನಿಂತಿದ್ದಳು, ಆ ಮನೆಯವಳಾಗಿ. ಈ ಮನೆಯ ಜೊತೆ ನನ್ನ ಲೆಕ್ಕ ಮುಗಿಯುವುದು ನನಗೆ ಬೇಡವಾಗಿತ್ತು. ಬಾಯಿ ತಾನಾಗಿಯೇ ತೆರೆಯಿತು. "ಬೀಗಿತೇರ, ಇನ್ನೊಂದು ಬೋಗುಣಿ ಹಾಕ್ರಿ."

ಬೀಗರು ಮೀಸೆಯ ಮೇಲೆ ಕೈ ಇಟ್ಟುಕೊಂಡು ಬೇರೆ ಕಡೆ ನೋಡಿದರು. ನೀಲಮ್ಮ ನನ್ನ ಬೆನ್ನಿಗೆ ಚಿವುಟಿದ್ದು ಇವತ್ತಿಗೂ ನೆನಪಿದೆ. ಬೀಗರ ಮನೆಯಲ್ಲಿ ಕೊಟ್ಟದ್ದನ್ನೇ ಬೇಡ ಬೇಡ ಎಂದು ಮೂರು ಸಲ ಹೇಳಿ ತೆಗೆದುಕೊಳ್ಳುವ ನಾಡಿನಲ್ಲಿ ನಾನು ಚೀಲ ಚಾಚಿ ಇನ್ನಷ್ಟು ಕೇಳಿದ್ದೆ. ಕಲ್ಲಮ್ಮ ಮೊದಲು ಬೆರಗಾಗಿ, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. "ಅಯ್ಯ, ಮಾಸ್ತರ್ಗೆ ಶೇಂಗಾದ ಮ್ಯಾಗ ಎಷ್ಟು ಆಸಿ ಅದ! ಮೊದಲ ಹೇಳಬಾರ್ದೇನ್ರಿ?" ಎಂದು ಮೂರನೆಯ ಬೋಗುಣಿಯನ್ನು ಗೋಪುರ ಮಾಡಿ ಸುರಿದಳು.

ಬಸ್ಸು ಜೇವರ್ಗಿ ಮುಟ್ಟಿತು. ನೀಲಮ್ಮ ಹಲ್ಲು ಕಚ್ಚಿ, "ಮಾನ ಮರ್ಯಾದಿ ಬಿಟ್ಟು ಯಾಕ ಕೇಳಿದ್ರಿ?" ಎಂದಳು. "ಜೋಡಿ ಆಗಿತ್ತು," ಎಂದೆ. ಅವಳು ಕಿಟಕಿಯ ಹೊರಗೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಕೈ ಬಂದು ನನ್ನ ತೋಳಿನ ಮೇಲೆ ಕೂತಿತು. ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾಳೆಂದುಕೊಂಡಿದ್ದ ಚಿಗವ್ವ ತಿರುಗದೆಯೇ ಹೇಳಿದಳು, "ನಾನೇ ಕೇಳಬೇಕಂತ ಬಾಯಿ ತೆಗದಿದ್ದೆ. ಮಾಸ್ತರ ಕೇಳಿದ್ರು, ಚಲೋ ಆತು. ನನ್ನ ಮರ್ಯಾದಿ ಉಳೀತು."

ಈಗ ಯಡ್ರಾಮಿಯಲ್ಲಿ ನಾನು ಶೇಂಗಾ ಮಾಸ್ತರ. ಆ ಕಡೆಯಿಂದ ಆಳಂದಕ್ಕೆ ಯಾರೇ ಬರಲಿ, ಅವರ ಕೈಯಲ್ಲಿ ಒಂದು ಚೀಲ ಶೇಂಗಾ ಇರುತ್ತದೆ. "ಅತ್ತೀನೇ ಕಟ್ಟಿ ಕೊಟ್ಟಾರ, ನಿಮ್ಮಪ್ಪಗ ಭಾಳ ಸೇರ್ತದ ಅಂತ," ಎಂದು ಸುಮಾ ಫೋನಿನಲ್ಲಿ ನಗುತ್ತಾಳೆ. ನಾನೂ ನಗುತ್ತೇನೆ. ಶೇಂಗಾ ಬಾಯಿಗೆ ಹಾಕಿದರೆ ನನಗೆ ಎರಡು ದಿನ ಪಿತ್ತ ಕೆದರುತ್ತದೆ ಎನ್ನುವುದನ್ನು ಮಾತ್ರ ಆ ಮನೆಯಲ್ಲಿ ನಾನು ಇವತ್ತಿನ ತನಕ ಬಾಯಿ ಬಿಟ್ಟು ಹೇಳಿಲ್ಲ.